ಹಿಂದೆ ನೋಡದೆ ಬೀಳುವವಳು

ಪೇಟಿ ಮಾಸ್ತರರು ಅದನ್ನು ನನಗೆ ಮೊದಲು ತೋರಿಸಿದ್ದು ಹಾನಗಲ್ ಬಸ್ ನಿಲ್ದಾಣದಲ್ಲಿ. ಆ ಕಡೆಯ ಒಂದು ಹಳ್ಳಿಯಲ್ಲಿ ನಾಟಕ ಮುಗಿಸಿಕೊಂಡು ಇಬ್ಬರೂ ಸವಣೂರಿಗೆ ಮರಳುತ್ತಿದ್ದೆವು. ಒಂದು ಬಸ್ಸು ಕಣ್ಣೆದುರೇ ಹೋಗಿಬಿಟ್ಟಿತ್ತು, ಮುಂದಿನದಕ್ಕೆ ಒಂದು ತಾಸು ಕಾಯಬೇಕಿತ್ತು. ನಾನು ಕಲ್ಲುಬೆಂಚಿನ ಮೇಲೆ ಬಲಗಾಲು ಚಾಚಿ, ಬಟ್ಟೆಯ ಬ್ಯಾಗನ್ನು ಅದರ ಕೆಳಗೆ ಇಟ್ಟುಕೊಂಡು ಕೂತಿದ್ದೆ. ಮೊಣಕಾಲು ಬಾತಿತ್ತು. ಮಾಸ್ತರರು ಹಾರ್ಮೋನಿಯಂ ಪೆಟ್ಟಿಗೆಯನ್ನು ಕಾಲಸಂದಿಯಲ್ಲಿಟ್ಟುಕೊಂಡು ಮೊಬೈಲಿನಲ್ಲಿ ಏನೋ ಕೇಳುತ್ತಿದ್ದರು. ಬೇರೆ ಬೇರೆ ದೇಶದ ಪಿಟೀಲು ಕೇಳುವುದು ಅವರ ಚಟ.

"ಅಕ್ಕಾರ, ಪಿಟೀಲು ಹುಡಕಾಕ ಹೋದ್ರ ಇದು ಬಂತು. ಸ್ವಲ್ಪ ನೋಡ್ರಿ," ಎಂದು ಮೊಬೈಲು ನನ್ನ ಕಡೆ ಚಾಚಿದರು.

"ಕುಣಿತ ನೋಡಿ ನೋಡಿ ಸಾಕಾಗೇತ್ರಿ ಮಾಸ್ತರ," ಎಂದೆ. ಆದರೂ ಕೈಗೆ ತಗೊಂಡೆ.

ದೊಡ್ಡ ರಂಗಮಂದಿರ, ನೀಲಿ ಬೆಳಕು. ಬಿಳಿ ಬಟ್ಟೆಯ ಒಬ್ಬ ಹೆಂಗಸು, ಅವಳ ಹಿಂದೆ ಒಬ್ಬ ಗಂಡಸು. ಅವಳು ಕಾಲ್ಬೆರಳಿನ ತುದಿಯ ಮೇಲೆ ನಿಲ್ಲುತ್ತಾಳೆ, ತಿರುಗುತ್ತಾಳೆ. ಅವನು ಹೆಚ್ಚೇನೂ ಮಾಡುವುದಿಲ್ಲ. ಅವಳು ಹೋದಲ್ಲಿ ಹೋಗುತ್ತಾನೆ, ನಿಂತಲ್ಲಿ ನಿಲ್ಲುತ್ತಾನೆ. ಆಮೇಲೆ ಒಂದು ಜಾಗದಲ್ಲಿ ಅವಳು ಕೈ ಎರಡೂ ಬಿಟ್ಟು, ಕತ್ತು ಹಿಂದಕ್ಕೆ ಚೆಲ್ಲಿ, ಕಡಿದ ಬಾಳೆಗಿಡದ ಹಾಗೆ ಹಿಂದಕ್ಕೆ ಬೀಳುತ್ತಾಳೆ. ಹಿಂದೆ ತಿರುಗಿ ನೋಡುವುದೇ ಇಲ್ಲ. ಅವನ ಕೈ ಅಲ್ಲಿ ಇರುತ್ತದೆ.

ಅಷ್ಟನ್ನೇ ಮತ್ತೆ ಹಿಂದಕ್ಕೆ ಸರಿಸಿ ನೋಡಿದೆ. ಮತ್ತೊಮ್ಮೆ ನೋಡಿದೆ. ಬಸ್ಸು ಬಂದದ್ದನ್ನು ಮಾಸ್ತರರು ಹೇಳಬೇಕಾಯಿತು.

ಅದಕ್ಕೆ ಬ್ಯಾಲೆ ಎನ್ನುತ್ತಾರೆಂದು, ಇದು ಬಹಳ ಹಳೆಯ ಜೋಡಿ ಕುಣಿತವೆಂದು, ಆ ಇಬ್ಬರೂ ಜಗತ್ತೆಲ್ಲ ಹೆಸರಾದವರೆಂದು, ಇದೊಂದನ್ನೇ ವರ್ಷಗಟ್ಟಲೆ ಕೂಡಿ ಕುಣಿದವರೆಂದು ಮಾಸ್ತರರು ಬಸ್ಸಿನಲ್ಲಿ ಓದಿ ಹೇಳಿದರು. ಅವರ ಹೆಸರು ನನ್ನ ನಾಲಿಗೆಗೆ ಹೊರಳಲಿಲ್ಲ. ವಿಡಿಯೋವನ್ನು ನನ್ನ ಮೊಬೈಲಿಗೆ ಹಾಕಿಸಿಕೊಂಡೆ.

ಅದು ನನಗೆ ಯಾಕೆ ಅಷ್ಟು ಹಿಡಿಸಿತು ಎಂಬುದು ತಿಳಿಯಬೇಕಾದರೆ ನನ್ನ ಕೆಲಸ ಏನೆಂದು ಹೇಳಬೇಕು. ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಹಳ್ಳಿಯ ಗಂಡಸರು ಕೂಡಿ ನಾಟಕ ಆಡುತ್ತಾರೆ. ತಿಂಗಳುಗಟ್ಟಲೆ ಶಾಲೆಯಲ್ಲೋ ಮಠದಲ್ಲೋ ತಾಲೀಮು ಮಾಡುತ್ತಾರೆ. ಗಂಡು ಪಾತ್ರವೆಲ್ಲ ಊರವರದೇ. ಹೆಣ್ಣು ಪಾತ್ರಕ್ಕೆ ಮಾತ್ರ ಹೊರಗಿನಿಂದ ನಮ್ಮಂಥವರನ್ನು ಕರೆಸುತ್ತಾರೆ. ನಾಟಕದ ದಿನ ಮಧ್ಯಾಹ್ನ ಹೋಗಿ ಇಳಿಯುತ್ತೇವೆ. ಒಂದು ತಾಲೀಮು ಮಾಡುತ್ತೇವೆ. ಮಧ್ಯಾಹ್ನ ಎರಡಕ್ಕೆ ಮುಖಪರಿಚಯವಾದವನು ಕತ್ತಲಾಗುವ ಹೊತ್ತಿಗೆ ನನ್ನ ಗಂಡ. ಅವನಿಗಾಗಿ ಅಳಬೇಕು, ಅವನ ಜೊತೆ ಎರಡು ಹಾಡಿಗೆ ಕುಣಿಯಬೇಕು, ಅವನು ಸತ್ತರೆ ಎದೆ ಬಡಿದುಕೊಳ್ಳಬೇಕು. ಬೆಳಿಗ್ಗೆ ಬಸ್ಸು ಹತ್ತಬೇಕು. ಇಪ್ಪತ್ತಾರು ವರ್ಷ ಇದನ್ನೇ ಮಾಡಿದ್ದೇನೆ. ಹಿರೇಕೆರೂರಿನಿಂದ ಶಿಗ್ಗಾಂವಿಯವರೆಗೆ ನನಗೊಬ್ಬ ಗಂಡನಿಲ್ಲದ ಊರು ಕಡಿಮೆ.

ಅವರಲ್ಲಿ ಎರಡು ಬಗೆ. ಒಬ್ಬರಿಗೆ ನನ್ನ ಕೈ ಮುಟ್ಟಲು ಹೆದರಿಕೆ, ಇನ್ನೊಬ್ಬರಿಗೆ ಆ ಹೆದರಿಕೆ ಇರುವುದಿಲ್ಲ. ಹೆದರುವವರನ್ನು ನಾನೇ ಎಳೆದುಕೊಂಡು ಕುಣಿಯಬೇಕು. ಹೆದರದವರಿಗೆ ಮೊಣಕೈ ಅಡ್ಡ ಇಟ್ಟು ಕುಣಿಯಬೇಕು. ಹಾಡಿನ ಕೊನೆಯಲ್ಲಿ ನಾಯಕನ ತೋಳಿನ ಮೇಲೆ ಹಿಂದಕ್ಕೆ ಒರಗುವುದು ಎಲ್ಲ ನಾಟಕದಲ್ಲೂ ಇದ್ದದ್ದೇ. ಒರಗಿದ ಹಾಗೆ ಕಾಣಬೇಕು, ಅಷ್ಟೇ. ಸೀರೆಯ ನೆರಿಗೆಯೊಳಗೆ ಬಲಗಾಲನ್ನು ಹಿಂದೆ ಊರಿ ನನ್ನ ಭಾರವನ್ನು ನಾನೇ ಹೊರುತ್ತೇನೆ. ಇದನ್ನು ಯಾರೂ ಕಲಿಸಲಿಲ್ಲ. ಮೊದಲ ವರ್ಷವೇ ಒಬ್ಬ ನಾಯಕ ಜನರ ಸಿಳ್ಳೆಗೆ ಮೈಮರೆತು ಕೈ ಬಿಟ್ಟ. ಹಲಗೆಯ ಮೇಲೆ ಬಿದ್ದು ಮೂರು ವಾರ ಸೊಂಟ ಹಿಡಿದುಕೊಂಡಿತ್ತು. ಅಂದಿನಿಂದ ಬಲಗಾಲು ಹಿಂದೆಯೇ. ಈಗ ಕೆಟ್ಟಿರುವುದೂ ಅದೇ ಕಾಲು.

ಹಾಗಾಗಿ ಆ ಬಿಳಿ ಬಟ್ಟೆಯವಳು ಬೀಳುವುದನ್ನು ನೋಡಿದಾಗಲೆಲ್ಲ ಮೊದಲು ಅವಳ ಕಾಲನ್ನೇ ನೋಡುತ್ತಿದ್ದೆ. ಎಲ್ಲಿಯಾದರೂ ಊರಿದ್ದಾಳೋ ಎಂದು. ಊರಿರಲಿಲ್ಲ. ಬಸ್ಸಿನಲ್ಲಿ, ಬಣ್ಣ ಹಚ್ಚಿಕೊಳ್ಳುವ ಮೊದಲು, ಬಣ್ಣ ತೆಗೆದ ಮೇಲೆ, ಎಷ್ಟು ಸಲ ನೋಡಿದೆನೋ. ಅಸೂಯೆ ಎಂದರೆ ಅಸೂಯೆಯಲ್ಲ. ದಣಿದವರು ಮರದ ಕೆಳಗೆ ಮಲಗಿದವರನ್ನು ನೋಡುವ ಹಾಗೆ ನೋಡುತ್ತಿದ್ದೆ.

ಹೋದ ಸುಗ್ಗಿಯ ನಂತರ ಹಿರೇಬೆಂಡಿಗೇರಿಯಿಂದ ಕರೆ ಬಂತು. ಗೋವಿನಜೋಳ ಮಾರಿ ಊರವರಿಗೆ ಬಿಡುವಾಗಿತ್ತು. ಮಾಸ್ತರರೂ ನಾನೂ ಶಿಗ್ಗಾಂವಿಯಲ್ಲಿ ಇಳಿದು, ಟಂಟಂ ಆಟೋ ಹಿಡಿದು, ಶಾಲೆಯ ಅಂಗಳಕ್ಕೆ ಹೋದಾಗ ಅಲ್ಲಿ ಎಲ್ಲರ ಮುಖವೂ ಸಪ್ಪೆಯಾಗಿತ್ತು. ನಾಯಕನ ಪಾತ್ರದ ಯುವಕ ಕಾಮಾಲೆಯಾಗಿ ನಾಲ್ಕು ದಿನದಿಂದ ಹಾಸಿಗೆ ಹಿಡಿದಿದ್ದ. ಅವನ ಬದಲಿಗೆ ಐವತ್ತಾರು ವರ್ಷದ ಒಬ್ಬ ಹಿರಿಯರನ್ನು ತಂದು ನನ್ನೆದುರು ನಿಲ್ಲಿಸಿದರು. ಕುಳ್ಳು ಮೈಕಟ್ಟು, ತಲೆಯ ಮೇಲೆ ಟೋಪಿ, ಕನ್ನಡಕಕ್ಕೆ ದಾರ. ಮೂವತ್ತು ವರ್ಷದಿಂದ ಆ ಊರಿನ ನಾಟಕಗಳಿಗೆ ಪರದೆಯ ಪಕ್ಕ ಪುಸ್ತಕ ಹಿಡಿದು ಕೂತು, ಮರೆತವರಿಗೆ ಮಾತು ಹೇಳಿಕೊಡುತ್ತಿದ್ದವರು. ಇಡೀ ನಾಟಕ ಬಾಯಿಪಾಠವಿದ್ದದ್ದು ಅವರೊಬ್ಬರಿಗೇ.

"ಮೀಸಿಗೆ ಕಪ್ಪು ಹಚ್ಚಿದ್ರ ಆತ್ರಿ ಅಕ್ಕಾರ," ಎಂದು ಯಾರೋ ಸಮಾಧಾನ ಹೇಳಿದರು.

ನನಗೆ ನಗಲೂ ತ್ರಾಣವಿರಲಿಲ್ಲ. ತಾಲೀಮು ಶುರುಮಾಡಿದೆವು. ಮಾತೆಲ್ಲ ಚೊಕ್ಕವಾಗಿ ಬಂದವು. ಹಾಡು ಬಂದ ಕೂಡಲೇ ಅವರು ಗೂಟ ಹೊಡೆದ ಹಾಗೆ ನಿಂತುಬಿಟ್ಟರು.

"ನಾ ನಿಮ್ಮನ್ನ ಮುಟ್ಟಬೇಕೇನ್ರಿ?" ಎಂದು ಮೆಲ್ಲಗೆ ಕೇಳಿದರು.

"ಕೈ ಹಿಡೀಬೇಕ್ರಿ. ಕಡೀಕ ನಾ ಹಿಂದಕ್ಕ ಒರಗತೇನಿ, ಬೆನ್ನಿಗೆ ಕೈ ಕೊಟ್ಟಂಗ ಮಾಡಿದ್ರ ಸಾಕು. ಭಾರ ಏನ್ ಹಾಕೂದಿಲ್ಲ."

"ಮುಂದಿನ ಸಾಲಿನ್ಯಾಗ ನನ್ನ ಮೊಮ್ಮಗಳು ಕುಂದರತಾಳ್ರಿ."

"ಕುಂದರಲಿ ಬಿಡ್ರಿ. ಅಜ್ಜ ಏನ್ ತಪ್ಪು ಮಾಡಾಕತ್ತಾನ?"

ಎರಡು ಸಲ ಪ್ರಯತ್ನಿಸಿದೆವು, ಎರಡೂ ಸಲ ನಾನೇ ಅವರನ್ನು ಸುತ್ತಿಸಿ ನಿಲ್ಲಿಸಬೇಕಾಯಿತು. ಮೂರನೆಯ ಸಲಕ್ಕೆ ಮೊಣಕಾಲು ಚಳಕು ಹೊಡೆದು ನಾನು ಶಾಲೆಯ ಕಟ್ಟೆಯ ಮೇಲೆ ಕೂತೆ. ಚಹಾ ಬಂತು. ಅವರು ಸ್ವಲ್ಪ ದೂರದಲ್ಲಿ, ತಪ್ಪು ಮಾಡಿದವರ ಹಾಗೆ, ಬಸಿಯಲ್ಲಿ ಚಹಾ ಸುರಿದುಕೊಂಡು ಕೂತರು. ಮಾತಿನಲ್ಲಿ ತಿಳಿಸಿ ಹೇಳುವ ತಾಳ್ಮೆ ನನಗಿರಲಿಲ್ಲ. ಮೊಬೈಲು ತೆಗೆದು ಆ ಜೋಡಿಯನ್ನು ತೋರಿಸಿದೆ.

ಅವರು ಕನ್ನಡಕ ಏರಿಸಿಕೊಂಡು ಪೂರ್ತಿ ನೋಡಿದರು. ಆ ಹೆಂಗಸಿನ ಬಟ್ಟೆಯ ಬಗ್ಗೆ ಏನಾದರೂ ಅನ್ನುತ್ತಾರೆಂದು ಕಾದೆ. "ಇನ್ನೊಮ್ಮೆ ಹಚ್ರಿ," ಎಂದರು. ಮೂರನೆಯ ಸಲ ಹಚ್ಚಿದಾಗ ಬೆರಳು ತೋರಿಸಿ ಹೇಳಿದರು:

"ಇಂವ ಆಕೀನ ನೋಡಾಕತ್ತಿಲ್ರಿ. ಕೇಳಾಕತ್ತಾನ."

"ಏನ್ ಕೇಳತಾನ್ರಿ? ಪಿಟೀಲು?"

"ಅಲ್ರಿ. ಉಸಿರು. ಇಲ್ಲಿ ನೋಡ್ರಿ, ಆಕಿ ಎದಿ ಏರತೈತಿ. ಅದಾದ ಮ್ಯಾಲ ಇವನ ಕಾಲು ಏಳತೈತಿ. ಬೀಳೂ ಮುಂದನೂ ಹಂಗ. ಆಕಿ ಉಸಿರು ಬಿಟ್ಟಾಗ ಇವಗ ಗೊತ್ತಾಗೇತಿ."

ನೂರು ಸಲ ನೋಡಿದ್ದೆ. ಕಾಲು ನೋಡಿದ್ದೆ, ಕೈ ನೋಡಿದ್ದೆ. ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

"ನಿಮಗ ಹೆಂಗ ಗೊತ್ತಾತ್ರಿ ಇದು?" ಎಂದು ಕೇಳಿದೆ.

ಅವರಿಗೆ ಸಂಕೋಚವಾಯಿತು. "ಪರದೆ ಬಾಜೂಕ ಕುಂತವಗ ಮುಖ ಕಾಣೂದಿಲ್ಲಲ್ರಿ, ಬರೇ ಬೆನ್ನು ಕಾಣತೈತಿ. ಮಾತು ಮರತವ ಉಸಿರು ತಗೊಳೂದು ಬ್ಯಾರೇನ ಇರತೈತ್ರಿ. ಅರ್ಧಕ್ಕ ನಿಂದರತೈತಿ. ಆವಾಗ ಮಾತು ಕೊಡಬೇಕು. ಮೊದ್ಲ ಕೊಟ್ರ ಅವನಿಗೆ ಸಿಟ್ಟು ಬರತೈತಿ, ತಡಾ ಮಾಡಿದ್ರ ಜನ ನಗತಾರ. ಮೂವತ್ತು ವರ್ಷ ಇದನ್ನ ಕೇಳಕೋತ ಕುಂತೇನಿ."

ಚಹಾದ ನಂತರ ಮತ್ತೆ ತಾಲೀಮಿಗೆ ನಿಂತೆವು. ಈ ಸಲ ಅವರು ನನ್ನ ಕಡೆ ನೋಡಲೇ ಇಲ್ಲ, ನೆಲ ನೋಡುತ್ತಿದ್ದರು. ನಾನು ತಿರುಗಿದೆ, ಕೈ ಸಿಕ್ಕಿತು. ಇನ್ನೊಂದು ಕಡೆ ತಿರುಗಿದೆ, ಅಲ್ಲಿಯೂ ಸಿಕ್ಕಿತು. ಕುಣಿತ ಎನ್ನುವಂಥದ್ದೇನೂ ಅವರಲ್ಲಿರಲಿಲ್ಲ. ಹೊಲದ ಬದುವಿನ ಮೇಲೆ ನಡೆದ ಹಾಗೆ ನಡೆಯುತ್ತಿದ್ದರು. ಆದರೆ ನಾನು ಯಾರನ್ನೂ ಎಳೆಯಬೇಕಾಗಲಿಲ್ಲ. ಮಾಸ್ತರರು ಪೇಟಿಯ ಮೇಲಿಂದ ತಲೆ ಎತ್ತಿ ನೋಡಿದ್ದು ಕಂಡಿತು. ಒರಗುವಲ್ಲಿ ಮಾತ್ರ ಎಂದಿನಂತೆ ಬಲಗಾಲು ಹಿಂದೆ ಊರಿದೆ.

ನಾಟಕ ಶುರುವಾಯಿತು. ಮೊದಲ ಹಾಡು ಸುರಳೀತವಾಗಿ ಮುಗಿಯಿತು. ಅಜ್ಜನ ಕಪ್ಪು ಮೀಸೆಗೆ ಮೊಮ್ಮಗಳು ಕೂಗಿ ಚಪ್ಪಾಳೆ ಹೊಡೆದದ್ದು ನಮಗೂ ಕೇಳಿಸಿತು. ಎರಡನೆಯ ಹಾಡಿನ ಹೊತ್ತಿಗೆ ನನ್ನ ಮೊಣಕಾಲು ಕೆಂಡವಾಗಿತ್ತು. ಕೊನೆಯ ಸುತ್ತು ತಿರುಗಿ, ಒರಗಲು ಬಲಗಾಲು ಹಿಂದಕ್ಕೆ ಇಟ್ಟೆ. ಅದು ನಿಲ್ಲಲಿಲ್ಲ, ಮಡಚಿಕೊಂಡಿತು. ಹಿಡಿದುಕೊಳ್ಳಲು ಏನೂ ಇರಲಿಲ್ಲ. ಸೊಂಟ ಹಿಡಿದ ಆ ಹಳೆಯ ದಿನ ನೆನಪಾಯಿತು. ಬಿದ್ದೆ ಎಂದುಕೊಂಡೆ.

ಬೀಳಲಿಲ್ಲ. ಬೆನ್ನಿನ ಕೆಳಗೆ ಒಂದು ತೋಳು ಮೊದಲೇ ಬಂದು ಕಾದಿತ್ತು. ನನ್ನ ಭಾರವೆಲ್ಲ ಅದರ ಮೇಲೆ ಹೋಯಿತು, ಅದು ಅಲುಗಲಿಲ್ಲ. ಮೇವಿನ ಪಿಂಡಿ, ಕಾಳಿನ ಚೀಲ ಹೊತ್ತ ತೋಳು. ಮೇಲೆ ಪೆಂಡಾಲಿನ ಬಟ್ಟೆ, ಅದರ ಹೊಲಿಗೆ, ತೂಗುಹಾಕಿದ ಮೈಕಿನ ವೈರು ಕಾಣುತ್ತಿದ್ದವು. ಇಪ್ಪತ್ತಾರು ವರ್ಷದಲ್ಲಿ ಪೆಂಡಾಲಿನ ಚಾವಣಿಯನ್ನು ನಾನು ನೋಡಿಯೇ ಇರಲಿಲ್ಲ. ಒರಗಿದಾಗಲೆಲ್ಲ ಕಣ್ಣು ನಾಯಕನ ಕೈಯ ಮೇಲೆಯೇ ಇರುತ್ತಿತ್ತು. ಎಷ್ಟು ಹೊತ್ತು ಹಾಗಿದ್ದೆನೋ ತಿಳಿಯದು. ಮಾಸ್ತರರು ಹಾಡಿನ ಕೊನೆಯ ಸಾಲನ್ನು ಇನ್ನೊಮ್ಮೆ ಬಾರಿಸಿದರು. ಜನರಿಗೆ ಅದೂ ನಾಟಕವೆಂದೇ ಅನ್ನಿಸಿತು.

"ಕಾಲು ಊರಬ್ಯಾಡ್ರಿ. ನಾ ಹಿಡದೇನಿ," ಎಂದು ಅವರು ತುಟಿ ಅಲುಗಿಸದೆ ಹೇಳಿದರು. ಮೆಲ್ಲಗೆ ಎತ್ತಿ ಎಡಗಾಲಿನ ಮೇಲೆ ನಿಲ್ಲಿಸಿದರು.

ಪರದೆಯ ಹಿಂದೆ ಹೋದ ಮೇಲೆ ನನಗೆ ಅಳು ಬಂತು. ಯಾಕೆಂದು ಗೊತ್ತಾಗಲಿಲ್ಲ. ನೋವಿಗೇ ಇರಬೇಕೆಂದು ಎಲ್ಲರೂ ಎಣ್ಣೆ ತಂದುಕೊಟ್ಟರು.

ಇನ್ನೊಂದು ಸಂಗತಿ ಆಗುವುದಿತ್ತು. ಕೊನೆಯ ಅಂಕದಲ್ಲಿ ನಾಯಕ ಹೆಂಡತಿಯನ್ನು ಬಿಟ್ಟು ಹೋಗುವ ದೃಶ್ಯ. ಉದ್ದದ ಮಾತು. ಅವರು ಅರ್ಧ ಹೇಳಿ ನಿಂತರು. ಎಲ್ಲರ ಮಾತನ್ನೂ ಬಲ್ಲ ಮನುಷ್ಯ ತನ್ನ ಮಾತನ್ನು ಮರೆತಿದ್ದರು. ಅವರ ಜಾಗದಲ್ಲಿ ಪುಸ್ತಕ ಹಿಡಿದು ಕೂತವನು ಹಾಳೆ ತಿರುವುತ್ತಿದ್ದ ಸದ್ದು ಬರುತ್ತಿತ್ತು. ಆಗ ನನಗೆ ಅವರ ಉಸಿರು ಕೇಳಿಸಿತು. ಮಧ್ಯಾಹ್ನ ಅವರು ಹೇಳಿದ ಹಾಗೆಯೇ, ಅರ್ಧಕ್ಕೆ ನಿಂತ ಉಸಿರು. ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತೆ. ಅಳುವಿನ ನಡುವೆ ಎರಡು ಶಬ್ದ ಹೇಳಿಕೊಟ್ಟೆ. ಅವರು ಹಿಡಿದುಕೊಂಡು ಮುಂದಕ್ಕೆ ಹೋದರು. ಆ ಮಾತು ಮುಗಿಯುವ ಹೊತ್ತಿಗೆ ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ಬೆಳಿಗ್ಗೆ ಅವರೇ ತಮ್ಮ ಬೈಕಿನ ಮೇಲೆ ನನ್ನ ಬ್ಯಾಗು ಹೇರಿಕೊಂಡು ಟಂಟಂ ನಿಲ್ಲುವ ಜಾಗಕ್ಕೆ ಬಂದರು. ಮೀಸೆಯ ಕಪ್ಪು ಇನ್ನೂ ಪೂರ್ತಿ ಹೋಗಿರಲಿಲ್ಲ. ಮಾಸ್ತರರು ಅವರಿಗೆ, "ಮುಂದಿನ ವರ್ಷ ನೀವ ಹೀರೋ ಆಗ್ರಿ," ಎಂದರು.

"ಬ್ಯಾಡ್ರಿ ಮಾಸ್ತರ. ನನಗ ಪುಸ್ತಕ ಹಿಡಕೊಂಡು ಕುಂದ್ರೂದ ಬರೋಬ್ಬರಿ," ಎಂದು ನಕ್ಕರು. ನನ್ನ ಕಡೆ ತಿರುಗಿ, "ಕಾಲು ಡಾಕ್ಟರಿಗೆ ತೋರಿಸ್ರಿ ಅಕ್ಕಾರ. ಎಷ್ಟು ವರ್ಷ ಅದರ ಮ್ಯಾಲ ಭಾರ ಹಾಕೀರಿ," ಎಂದರು.

ಅದು ಅವರಿಗೆ ಹೇಗೆ ತಿಳಿಯಿತೆಂದು ನಾನು ಕೇಳಲಿಲ್ಲ. ತೋಳಿಗೆ ತಿಳಿದಿರಬೇಕು.

ಹುಬ್ಬಳ್ಳಿಗೆ ಹೋಗಿ ತೋರಿಸಿದೆ. ಡಾಕ್ಟರು ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು, ಮೊಣಕಾಲು ಸವೆದಿದೆ, ಕುಣಿಯುವುದು ಸಾಕು ಎಂದರು. ನನಗೆ ಆಘಾತವೇನೂ ಆಗಲಿಲ್ಲ. ಒಂದು ಬಗೆಯ ಬಿಡುಗಡೆಯಾಯಿತು ಎಂದರೂ ತಪ್ಪಾದೀತು. ಬಹಳ ದೂರ ನಡೆದವರಿಗೆ ಯಾರೋ ಇಲ್ಲೇ ಕೂತುಕೊಳ್ಳಿ ಎಂದ ಹಾಗಾಯಿತು, ಅಷ್ಟೇ. ಮನೆಗೆ ಬಂದು ಜೊತೆಯಲ್ಲಿರುವ ತಂಗಿಗೆ ಹೇಳಿದೆ. ಅವಳು ಸೇವು, ಖಾರ ಕರಿಯುವ ಅಂಗಡಿಯಲ್ಲಿ ದಿನವಿಡೀ ಬಾಣಲೆಯ ಮುಂದೆ ನಿಂತು ಬಂದವಳು, "ನಿನಗರ ಕುಂದರು ಅಂದ್ರಲ್ಲ, ಚಲೋ ಆತು," ಎಂದಳು.

ಈಗ ತಾಯಿ, ಅತ್ತೆಯ ಪಾತ್ರಕ್ಕೆ ಮಾತ್ರ ಹೋಗುತ್ತೇನೆ. ಹಾಡು ಬಂದಾಗ ಪರದೆಯ ಪಕ್ಕದ ಕುರ್ಚಿಯಲ್ಲಿ ಕೂತು ಕುಣಿಯುವ ಹುಡುಗಿಯರನ್ನು ನೋಡುತ್ತೇನೆ. ಒರಗುವಾಗ ಅವರೂ ಒಂದು ಕಾಲನ್ನು ಹಿಂದೆ ಊರುತ್ತಾರೆ. ಯಾರೂ ಕಲಿಸಿರುವುದಿಲ್ಲ. ಮುಂದಿನ ವಾರ ಹಿರೇಕೆರೂರಿನ ಕಡೆ ಒಂದು ನಾಟಕವಿದೆ. ಸೊಸೆಯನ್ನು ಬೈಯುವ ಅತ್ತೆ. ಮಾತು ಬಹಳ ಇದೆ, ಓಡಾಟ ಕಡಿಮೆ.