ಹೊಗೆ ಏಳುವ ಮೊದಲು ಹೇಳಬೇಕಾದ ಸುದ್ದಿ

ಊರು ಇನ್ನೂ ನಿದ್ದೆಯಲ್ಲಿ ಮಗ್ಗುಲು ಬದಲಿಸುತ್ತಿರುವ ಹೊತ್ತು. ಟಿವಿ ಕಚೇರಿಯ ಮೂರನೇ ಮಹಡಿಯ ತುದಿಯಲ್ಲಿ, ಹಿಂದೆ ಹಳೆಯ ಟೇಪುಗಳನ್ನು ತುಂಬಿಡುತ್ತಿದ್ದ ಕೋಣೆಯೊಂದಿದೆ. ಅಲ್ಲಿ ಹಸಿರು ಬಟ್ಟೆ ಹೊದಿಸಿದ ಗೋಡೆಯ ಮುಂದೆ ಒಬ್ಬ ಹೆಂಗಸು ಬಿಸಿನೀರಿನ ಬೋಗುಣಿಗೆ ಎರಡೂ ಕೈ ಅದ್ದಿ ಕೂತಿದ್ದಾರೆ. ಕಣ್ಣು ಮುಚ್ಚಿವೆ, ತುಟಿ ಬಿಗಿದಿದೆ. ನೋಡಿದವರಿಗೆ ಜಪ ಮಾಡುತ್ತಿದ್ದಾರೆ ಅನ್ನಿಸಬೇಕು. ಜಪವಲ್ಲ, ಮಣಿಕಟ್ಟಿನ ನೋವು.

"ಸ್ವಲ್ಪ ಹೊತ್ತು ನೆನೆಸಿದ್ರೆ ಬೆರಳು ಮಾತಾಡುತ್ತೆ. ಇಲ್ಲಾಂದ್ರೆ ಗೊಣಗುತ್ತೆ, ಅಷ್ಟೇ" ಎನ್ನುತ್ತಾರೆ, ಕಣ್ಣು ಬಿಡದೆಯೇ.

ಕ್ಯಾಮೆರಾದವನು ಬಾಗಿಲಿನಿಂದ ಇಣುಕುತ್ತಾನೆ. "ಅಕ್ಕಾ, ಇನ್ನೆರಡು ನಿಮಿಷ."

"ಬಂದೆ ಮಾರಾಯ. ನಿಮ್ಮ ನಾಯಕರಿಗೂ ಬೆಳಗಾಗೋದು ಬೇಡವಾ?"

ಕೈ ಒರೆಸಿಕೊಂಡು, ಕಿವಿಗೆ ತಂತಿ ಸಿಕ್ಕಿಸಿಕೊಂಡು, ನೆಲದ ಮೇಲೆ ಅಂಟಿಸಿರುವ ಪಟ್ಟಿಯ ಮೇಲೆ ನಿಲ್ಲುತ್ತಾರೆ. ಕೆಳಗಿನ ಮಹಡಿಯಲ್ಲಿ ಸುದ್ದಿ ಓದುವವನು ಬಾಯಿ ತೆರೆಯುತ್ತಾನೆ. ಇಲ್ಲಿ ಇವರ ಕೈ ಏಳುತ್ತದೆ. ಬೆಳಗಿನ ರಾಜ್ಯ ರಾಜಕೀಯದ ಸುತ್ತು ಶುರು. ಪರದೆಯ ಬಲಮೂಲೆಯ ಪುಟ್ಟ ಪೆಟ್ಟಿಗೆಯೊಳಗೆ ನಿಂತು, ಕಿವಿ ಕೇಳದವರಿಗೆ ಸನ್ನೆ ಭಾಷೆಯಲ್ಲಿ ಸುದ್ದಿ ಹೇಳುವ ಇವರನ್ನು ಕಚೇರಿಯವರೆಲ್ಲ ಕರೆಯುವುದು 'ಮೂಲೆಯಕ್ಕ' ಎಂದೇ.

ಮಾಮೂಲಿ ದಿನಗಳಲ್ಲಿ ಅಕ್ಕನಿಗೆ ಎರಡು ಸುದ್ದಿ. ಚುನಾವಣೆ ಬಂತೆಂದರೆ ಬೆಳಗಿನಿಂದ ಸಂಜೆಯವರೆಗೆ ಏಳು. ನಿನ್ನೆ ಸಂಜೆ ಪಕ್ಷ ಬಿಟ್ಟವರು ಬೆಳಗ್ಗೆ ಅದೇ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಿರುತ್ತಾರೆ. ಟಿಕೆಟ್ ಸಿಗದವರು ಅತ್ತಿರುತ್ತಾರೆ, ಸಿಕ್ಕವರ ತಮ್ಮಂದಿರು ಮುನಿಸಿಕೊಂಡಿರುತ್ತಾರೆ. ಒಬ್ಬರ ಮುಖ ಒಬ್ಬರು ನೋಡದ ಇಬ್ಬರು ಒಂದೇ ಕಾರಿನಿಂದ ಇಳಿದಿರುತ್ತಾರೆ. ಇಷ್ಟೂ ಗಾಳಿಸುದ್ದಿಯನ್ನು ಅಕ್ಕ ಗಾಳಿಯಲ್ಲೇ ಬರೆಯಬೇಕು.

"ಭಾಷಣ ಸುಲಭ. ಕಷ್ಟ ಏನು ಗೊತ್ತಾ? ಇವರು ಅಡ್ಡಗೋಡೆ ಮೇಲೆ ದೀಪ ಇಡೋದು. 'ಸ್ಪರ್ಧಿಸಲ್ಲ ಅಂತ ನಾನು ಹೇಳಿಲ್ಲ, ಸ್ಪರ್ಧಿಸ್ತೀನಿ ಅಂತಲೂ ಹೇಳಿಲ್ಲ' ಅಂತಾರೆ. ನಾನು ಒಂದು ಸಲ ಹೌದು ಮಾಡಿ, ಒಂದು ಸಲ ಇಲ್ಲ ಮಾಡಿ, ನೊಣ ಓಡಿಸೋಳ ಹಾಗೆ ನಿಂತಿರ್ತೀನಿ."

ಅಕ್ಕನ ಕೈಯಲ್ಲಿ ಬಳೆಯಿಲ್ಲ, ಉಂಗುರವಿಲ್ಲ. ದೀಪದ ಬೆಳಕಿಗೆ ಹೊಳೆದರೆ ಬೆರಳು ಕಾಣುವುದಿಲ್ಲ. ಬಟ್ಟೆ ಬೂದು ಬಣ್ಣದ್ದು. ಚುನಾವಣೆಯ ಕಾಲದಲ್ಲಿ ಯಾವ ಬಣ್ಣ ಹಾಕಿಕೊಂಡರೂ ಅದು ಯಾವುದೋ ಪಕ್ಷದ್ದು ಎಂದು ಫೋನ್ ಬರುತ್ತದೆ. ಎಲ್ಲರೂ ಹಂಚಿಕೊಂಡು ಕೊನೆಗೆ ಯಾರಿಗೂ ಬೇಡವಾಗಿ ಉಳಿದದ್ದು ಬೂದು. "ಬೂದಿ ಬಡ್ಕೊಂಡ ಹಾಗಿದೀಯ ಅಂತ ಅಮ್ಮ ದಿನಾ ಬೈತಾಳೆ" ಎಂದು ನಗುತ್ತಾರೆ. ನಗು ಅರ್ಧಕ್ಕೆ ಆಕಳಿಕೆಯಾಗುತ್ತದೆ.

ಅಮ್ಮ ಎಂದರೆ ಅಕ್ಕನ ಮೊದಲ ಗುರು, ಈಗಿನ ವಿಮರ್ಶಕಿ. ಅಮ್ಮನಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಅಪ್ಪನಿಗೂ ಕೇಳಿಸುತ್ತಿರಲಿಲ್ಲ. ಅಪ್ಪ ಅಚ್ಚುಮನೆಯಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದರು; ಯಂತ್ರದ ಗದ್ದಲಕ್ಕೆ ಉಳಿದವರ ತಲೆ ಸಿಡಿಯುತ್ತಿದ್ದರೆ ಅವರೊಬ್ಬರು ಕೊಳದ ದಡದಲ್ಲಿ ಕೂತವರಂತೆ ಇರುತ್ತಿದ್ದರಂತೆ. ಅಮ್ಮ ಬಟ್ಟೆ ಕಾರ್ಖಾನೆಗೆ ಅಂಗಿಯ ಕಾಲರ್ ಹೊಲಿಯುತ್ತಿದ್ದರು. ಆ ಮನೆಯಲ್ಲಿ ಹುಟ್ಟಿದ ಕೇಳಿಸುವ ಮಗಳೇ ಇಡೀ ಮನೆಯ ಕಿವಿ. ಕಥೆಯ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯೊಳಗೆ ಇರುತ್ತದಲ್ಲ, ಹಾಗೆ ಆ ಮನೆಯ ಸದ್ದೆಲ್ಲ ಈ ಪುಟ್ಟ ಹುಡುಗಿಯೊಳಗೆ. ಬಾಗಿಲು ಬಡಿದದ್ದು, ಹಾಲು ಉಕ್ಕಿದ್ದು, ತೊಟ್ಟಿಲಲ್ಲಿ ತಮ್ಮ ಅತ್ತದ್ದು, ಎಲ್ಲಕ್ಕೂ ಅವಳೇ ಓಡಬೇಕು.

ಚುನಾವಣೆಯ ಫಲಿತಾಂಶದ ದಿನ ಅಪ್ಪ, ಅಪ್ಪನ ಗೆಳೆಯರು ಮಾಳಿಗೆ ಹತ್ತಿ ನಿಲ್ಲುತ್ತಿದ್ದರು. ಯಾವ ಬೀದಿಯ ಮೇಲೆ ಪಟಾಕಿ ಹೊಗೆ ಏಳುತ್ತದೋ ಆ ಬೀದಿಯವನು ಗೆದ್ದ ಎಂದು ಲೆಕ್ಕ. ಅಕ್ಕನಿಗೆ ಏಳು ವರ್ಷವಾದಾಗ ಮನೆಗೆ ರೇಡಿಯೋ ಬಂತು. ಕೇಳುವವಳು ಒಬ್ಬಳೇ ಇದ್ದ ಮನೆಗೆ ರೇಡಿಯೋ! ಮುಂದಿನ ಫಲಿತಾಂಶದ ದಿನ ಅಪ್ಪ ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿ ಒಂದೇ ಮಾತು ಹೇಳಿದ್ದು: "ಕೇಳಿದ್ದನ್ನ ಕೇಳಿದ ಹಾಗೆ ಹೇಳು. ಉಪ್ಪು ಖಾರ ನಾವು ಹಾಕ್ಕೋತೀವಿ."

"ಅವತ್ತು ಯಾರು ಗೆದ್ರೋ ಮರೆತೇ ಹೋಗಿದೆ" ಎನ್ನುತ್ತಾರೆ ಅಕ್ಕ. "ಅಷ್ಟು ದೊಡ್ಡವರೆಲ್ಲ ಉಸಿರು ಬಿಗಿ ಹಿಡಿದು ನನ್ನ ಕೈಯನ್ನೇ ನೋಡ್ತಿದ್ರಲ್ಲ, ಅದು ಮಾತ್ರ ಹಾಗೇ ಇದೆ."

ಅಪ್ಪ ಈಗ ಇಲ್ಲ. ಅಮ್ಮ ದಿನಾ ಬೆಳಗ್ಗೆ ಟಿವಿಯ ಮುಂದೆ ಕೂರುತ್ತಾರೆ. ಜೊತೆಗೆ ಕಾಲರ್ ಹೊಲಿಯುತ್ತಿದ್ದ ಕಾಲದ ಗೆಳತಿ, ಎದುರು ಮನೆಯ ಇಸ್ತ್ರಿ ಅಜ್ಜ, ಇಬ್ಬರಿಗೂ ಕೇಳಿಸದು. ಸುದ್ದಿ ಮುಗಿಯುತ್ತಿದ್ದಂತೆ ಅಮ್ಮನ ವಿಡಿಯೋ ಕರೆ ಬರುತ್ತದೆ, ಮಾತೆಲ್ಲ ಸನ್ನೆಯಲ್ಲೇ. "ಇವತ್ತು ನಿನ್ನ ಕೈ ತೊದಲ್ತಿತ್ತು." "ಬಲಗೈ ಎಡಗೈಗೆ ಕಾಯ್ಲೇ ಇಲ್ಲ." ಎಲ್ಲಕ್ಕಿಂತ ದೊಡ್ಡ ತಕರಾರು ಸುದ್ದಿಯಲ್ಲಿ ಹೆಸರಿಲ್ಲದೆ ಬರುವ 'ಬಲ್ಲವರು' ಎಂಬವರ ಮೇಲೆ.

"ಬಲ್ಲವರು ಹೇಳಿದ್ದಾರೆ, ಬಲ್ಲವರು ಹೇಳಿದ್ದಾರೆ ಅಂತೀಯಲ್ಲ, ಯಾರವರು? ಮನೆ ಎಲ್ಲಿ?"

"ನನಗೂ ಗೊತ್ತಿಲ್ಲಮ್ಮ."

"ಗೊತ್ತಿಲ್ಲದೋರ ಮಾತು ನಂಬ್ಕೊಂಡು ಟಿವಿಯಲ್ಲಿ ಹೇಳ್ತೀಯಾ?"

ಈಚೆಗೆ ಅಮ್ಮನ ಕಣ್ಣು ಮಂಜಾಗುತ್ತಿದೆ. ಇತ್ತ ಪರದೆಯ ಮೇಲೆ ಜಾಹೀರಾತಿನ ಪಟ್ಟಿ, ಓಡುವ ಅಕ್ಷರದ ಸಾಲು ಹೆಚ್ಚುತ್ತ ಹೋದಂತೆ ಅಕ್ಕನ ಪೆಟ್ಟಿಗೆ ಸಣ್ಣದಾಗುತ್ತಿದೆ. ಅಮ್ಮ ಮೊದಲು ಗೋಡೆಗೊರಗಿ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಆಮೇಲೆ ಕುರ್ಚಿ ಕೋಣೆಯ ನಡುವಿಗೆ ಬಂತು. ಈಗ ಕುರ್ಚಿ ಹೋಗಿ ಸ್ಟೂಲು ಬಂದಿದೆ. ಕೈಚಾಚಿದರೆ ಪರದೆಗೆ ಬೆರಳು ತಾಗುತ್ತದೆ. ಮತ ಎಣಿಕೆಯ ದಿನವಂತೂ ಇಡೀ ಪರದೆ ಅಂಕಿಗಳಿಗೇ ಬೇಕು, ಮೂಲೆ ಇರುವುದಿಲ್ಲ ಎಂದು ಸುದ್ದಿ ಸಂಪಾದಕರು ತಿಂಗಳ ಹಿಂದೆಯೇ ಹೇಳಿದ್ದರು. ಕಳೆದ ಸಲವೂ ಇರಲಿಲ್ಲ. ಅವತ್ತು ಅಮ್ಮ ಕೋಲೂರಿಕೊಂಡು ಮಾಳಿಗೆ ಹತ್ತಿದ್ದರು.

ಅದೇ ಒಂದು ಮೂಲೆಯ ಆಸೆ ಈ ಸಲ ಅಕ್ಕನನ್ನು ಪೇಚಿಗೆ ಸಿಕ್ಕಿಸಿತು.

ಕೇಳದವರ ಲೋಕದಲ್ಲಿ ಪ್ರತಿ ನಾಯಕರಿಗೂ ಒಂದು ಸನ್ನೆ ಹೆಸರಿದೆ. ಹುಬ್ಬು ನೀವಿಕೊಳ್ಳುವವರು ಒಬ್ಬರು, ಜೇಬಿನ ಪೆನ್ನು ಮುಟ್ಟಿ ನೋಡಿಕೊಳ್ಳುವವರು ಇನ್ನೊಬ್ಬರು. ಹೆಸರಿಡುವ ಹಕ್ಕು ಕೇಳದವರದ್ದು ಮಾತ್ರ. ಅಕ್ಕನಂಥವರು ಅದನ್ನು ಎತ್ತಿ ಬಳಸಬಹುದು, ಅಷ್ಟೆ. ಈ ಚುನಾವಣೆಯಲ್ಲಿ ಎಲ್ಲರ ಬಾಯಲ್ಲಿರುವ ಹಿರಿಯ ಅಭ್ಯರ್ಥಿಗೆ ಅವರಿಟ್ಟ ಹೆಸರು 'ಗಾಯದವನು'. ತೋರುಬೆರಳಿನಿಂದ ಗಲ್ಲದ ಮೇಲೆ ಒಂದು ಗೆರೆ ಎಳೆದರೆ ಆಯಿತು. ಮೂವತ್ತು ವರ್ಷದ ಹಿಂದೆ ಅವರು ಮೊದಲ ಸಲ ಓಟು ಕೇಳಲು ಸೈಕಲ್ ಅಂಗಡಿ ಮಾಳಿಗೆಯ ಕಿವುಡರ ಸಂಘಕ್ಕೆ ಬಂದಿದ್ದರು. ಹಿಂದಿನ ದಿನವಷ್ಟೇ ಬಿದ್ದು ಗಲ್ಲಕ್ಕೆ ಪಟ್ಟಿ ಕಟ್ಟಿಸಿಕೊಂಡಿದ್ದರು. "ಅರ್ಧ ಗಂಟೆ ಭಾಷಣ ಮಾಡಿದ ಪುಣ್ಯಾತ್ಮ. ನಾವು ಅರ್ಧ ಗಂಟೆ ಆ ಪಟ್ಟಿ ನೋಡಿದ್ವಿ" ಎಂಬುದು ಅಮ್ಮನ ವಿವರಣೆ.

ಮತದಾನಕ್ಕೆ ವಾರವಿರುವಾಗ ಆ ನಾಯಕರ ಪ್ರಚಾರ ನೋಡಿಕೊಳ್ಳುವವನು ಕಚೇರಿಗೆ ಬಂದ. ಯಾರೋ ಅವನಿಗೆ ಸನ್ನೆಯ ಅರ್ಥ ಹೇಳಿಬಿಟ್ಟಿದ್ದರು.

"ಏನು ಮೇಡಂ, ಪೋಸ್ಟರ್‌ನಲ್ಲೇ ಆ ಗಾಯದ ಕಲೆ ಅಳಿಸಿಬಿಟ್ಟಿದೀವಿ. ನೀವು ಟಿವಿಯಲ್ಲಿ ದಿನಾ ಕೆರೀತಾ ಇದೀರಲ್ಲ!"

"ಅದು ಅವರ ಹೆಸರು ಸರ್."

"ಹೆಸರು ಬದಲಾಯ್ಸಿ. ಹೀಗೆ ಮಾಡಿ" ಎಂದವನೇ ಎರಡೂ ಕೈ ಎತ್ತಿ ತನ್ನ ತಲೆಯ ಮೇಲೆ ಕಿರೀಟ ಇಟ್ಟುಕೊಂಡ ಹಾಗೆ ಮಾಡಿದ. "ಗೌರವವಾಗಿರುತ್ತೆ."

ಆ ಪಕ್ಷದ ಜಾಹೀರಾತು ಗಂಟೆಗೊಮ್ಮೆ ಬರುತ್ತದೆ. ಸಂಪಾದಕರು ಅಕ್ಕನನ್ನು ಪಕ್ಕಕ್ಕೆ ಕರೆದರು. ಕೆಟ್ಟವರಲ್ಲ, ಅವರೂ ತಿಂಗಳಿನಿಂದ ಸರಿಯಾಗಿ ಮಲಗಿಲ್ಲ. "ಇದೊಂದು ಮಾಡಮ್ಮ. ನಂದೂ ಕುತ್ತಿಗೆಯೇ ಅಲ್ವಾ? ಎಣಿಕೆ ದಿನ ನಿನ್ನ ಮೂಲೆ ನಿನಗೆ ಕೊಡಿಸ್ತೀನಿ."

ಅಕ್ಕ ಒಪ್ಪಿಕೊಂಡರು. ಎರಡು ದಿನ, ಏಳೇಳು ಸುದ್ದಿಯಲ್ಲಿ, ಆ ನಾಯಕರ ಹೆಸರು ಬಂದಾಗಲೆಲ್ಲ ತಲೆಯ ಮೇಲೆ ಕಿರೀಟ ಇಟ್ಟುಕೊಂಡರು. ಅಮ್ಮ ತಪ್ಪು ಹುಡುಕಿ ಕರೆ ಮಾಡಲಿಲ್ಲ. ಬಚಾವಾದೆ ಎಂದುಕೊಂಡು ಎರಡನೇ ಸಂಜೆ ಮನೆಗೆ ಹೋದರೆ, ಮನೆಯಲ್ಲಿ ಚಾವಡಿಯೇ ನೆರೆದಿದೆ. ಅಮ್ಮ, ಗೆಳತಿ, ಇಸ್ತ್ರಿ ಅಜ್ಜ; ಮೂವರ ಆರು ಕೈಗಳೂ ಒಟ್ಟಿಗೆ ಮಾತಾಡುತ್ತಿವೆ.

"ಬಂದ್ಯಾ? ಯಾರೇ ಅವನು, ಕಿರೀಟದವನು?" ಅಮ್ಮನ ಮೊದಲ ಪ್ರಶ್ನೆ.

"ಯಾವ ಕಿರೀಟ ಅಮ್ಮ?"

"ನೀನೇ ಹೇಳ್ತಿದೀಯಲ್ಲ, ಹೊಸಬ! ಗಾಯದವನನ್ನ ಕೂರಿಸಿಬಿಟ್ರಂತಲ್ಲ?"

"ರಾಜಮನೆತನದವನಂತೆ" ಎಂದರು ಗೆಳತಿ. "ಮನೇಲಿ ಕುದುರೆ ಸಾಕಿದ್ದಾನಂತೆ."

"ಗಾಯದವನಿಗೆ ಎದೆನೋವಂತೆ, ಪಾಪ. ಅದಕ್ಕೇ ಹಿಂದೆ ಸರಿದದ್ದು" ಎಂದರು ಇಸ್ತ್ರಿ ಅಜ್ಜ.

ಅಕ್ಕ ಹೆಗಲ ಚೀಲವನ್ನೂ ಇಳಿಸದೆ ಕೇಳಿದರು: "ಯಾರು ಹೇಳಿದ್ರು ಅಜ್ಜ?"

ಅಜ್ಜ ಗಂಭೀರವಾಗಿ ಬೆರಳೆತ್ತಿ ಹೇಳಿದರು: "ಬಲ್ಲವರು."

ನಗಬೇಕಾದ ಮಾತು. ಅಕ್ಕ ನಗಲಿಲ್ಲ. ಅಜ್ಜನ ಫೋನಿನಲ್ಲಿ ಬೇರೆ ಬೇರೆ ಊರಿನ ಕೇಳದವರು ಕಳಿಸಿದ ವಿಡಿಯೋಗಳಿದ್ದವು. ಎಲ್ಲರ ತಲೆಯ ಮೇಲೂ ಅದೇ ಕಿರೀಟ, ಎಲ್ಲರ ಮುಖದಲ್ಲೂ ಅದೇ ಪ್ರಶ್ನೆ. ಅಮ್ಮ ಸ್ಟೂಲಿನ ಮೇಲೆ ಕೂತು ತಮ್ಮಷ್ಟಕ್ಕೆ ಎಂಬಂತೆ ಕೈಯಾಡಿಸಿದರು: "ಅಷ್ಟು ವರ್ಷದಿಂದ ನೋಡಿದ ಮುಖ, ಅವನಿಗೇ ಹಾಕೋಣ ಅಂತಿದ್ದೆ. ಈಗ ಯಾರಿಗೆ ಹಾಕ್ಲಿ? ಕುದುರೆ ಸಾಕೋನಿಗೆ ನಮ್ಮ ಕಷ್ಟ ಏನು ಗೊತ್ತು?"

ಮಾರನೆಯ ಬೆಳಗ್ಗೆ ಬೋಗುಣಿಯ ನೀರು ಆರಿಹೋಗುವವರೆಗೂ ಅಕ್ಕ ಕೈ ತೆಗೆಯಲಿಲ್ಲ ಎಂದು ಕ್ಯಾಮೆರಾದವನು ನೆನೆಯುತ್ತಾನೆ. ಸುದ್ದಿ ಶುರುವಾಯಿತು. ಕೆಳಗಿನ ಮಹಡಿಯಲ್ಲಿ ಆ ನಾಯಕರ ಹೆಸರು ಬಂತು. ಅಕ್ಕನ ತೋರುಬೆರಳು ಗಲ್ಲಕ್ಕೆ ಹೋಯಿತು. ಅವತ್ತು ಎಷ್ಟು ಸಲ ಹೆಸರು ಬಂತೋ ಅಷ್ಟು ಸಲವೂ ಅಲ್ಲಿಗೇ ಹೋಯಿತು, ಎಂದಿಗಿಂತ ನಿಧಾನವಾಗಿ, ಮಂಜುಗಣ್ಣಿಗೂ ಕಾಣುವ ಹಾಗೆ.

ಸುದ್ದಿ ಮುಗಿಯುವುದಕ್ಕೂ ಅಮ್ಮನ ಕರೆ ಬರುವುದಕ್ಕೂ ಸರಿಹೋಯಿತು. "ಬಂದ್ನಲ್ಲ ನಮ್ಮವನು! ಎಲ್ಲಿಗೆ ಹೋಗಿದ್ನಂತೆ?"

"ಎಲ್ಲೂ ಹೋಗಿರ್ಲಿಲ್ಲಮ್ಮ. ನಾನೇ ಮುಚ್ಚಿಟ್ಟಿದ್ದೆ. ಕಿರೀಟದವನೂ ಅವನೇ."

ಅಮ್ಮ ಫೋನಿಗೆ ಮುಖ ಹತ್ತಿರ ತಂದರು. "ಕುದುರೆ?"

"ಕುದುರೆ ನಿನ್ನ ಗೆಳತಿಯದ್ದು."

ಮಧ್ಯಾಹ್ನ ಪ್ರಚಾರದವನು ಬಂದು ಪಡಸಾಲೆಯಲ್ಲಿ ಕೂಗಾಡಿದ. ಜಾಹೀರಾತು ನಿಲ್ಲಿಸುತ್ತೇನೆ ಎಂದ. ಅಕ್ಕ ಕೈಕಟ್ಟಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಕೊನೆಗೆ ಹೇಳಿದ್ದು ಇಷ್ಟೇ: "ಸರ್, ನೀವು ಹೇಳಿದ ಹಾಗೆ ಕಿರೀಟ ಇಟ್ಟೆ. ನಮ್ಮ ಜನ ನಿಮ್ಮವರನ್ನ ಕಣದಿಂದಲೇ ಕಳಿಸಿಬಿಟ್ರು. ಎರಡು ದಿನ ಆಯ್ತು. ಮತದಾನದವರೆಗೂ ಹಾಗೇ ಇರ್ಲಾ?" ಅವನು ಏನೋ ಹೇಳಹೊರಟು, ಸಂಪಾದಕರ ಮುಖ ನೋಡಿ, ಫೋನ್ ಕಿವಿಗಿಟ್ಟುಕೊಂಡು ಮೆಟ್ಟಿಲಿಳಿದ.

ಜಾಹೀರಾತೇನೋ ನಿಲ್ಲಲಿಲ್ಲ. ಆದರೆ ಎಣಿಕೆ ದಿನದ ಮೂಲೆಯ ಮಾತು ಮತ್ತೆ ಎದ್ದಿಲ್ಲ. ಪ್ರಚಾರದವನ ಎದುರೇ ಆದ ಮಾತಿನಿಂದ ಸಂಪಾದಕರಿಗೆ ಇರಿಸುಮುರಿಸಾಗಿದೆ. ಕೇಳಿದರೆ, "ನೋಡೋಣಮ್ಮ" ಎನ್ನುತ್ತಾರೆ. ಅದೂ ಅಡ್ಡಗೋಡೆಯ ಮೇಲಿನ ದೀಪವೇ. ಆ ದಿನದ ಪರದೆಯ ನಕ್ಷೆಯನ್ನು ಈಗಾಗಲೇ ಹಲಗೆಗೆ ಚುಚ್ಚಿದ್ದಾರೆ. ಎಡಕ್ಕೆ ಅಂಕಿ, ಕೆಳಗೆ ಅಂಕಿ. ಬಲಮೂಲೆಯಲ್ಲಿ ಪೆನ್ಸಿಲಿನಿಂದ ಒಂದು ಪುಟ್ಟ ಚೌಕ ಎಳೆದು, ಅದರೊಳಗೆ ಪ್ರಶ್ನೆಚಿಹ್ನೆ ಹಾಕಿದ್ದಾರೆ. ಅಕ್ಕ ಬೋಗುಣಿ ತೊಳೆಯಲು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅದರ ಮುಂದೆ ನಿಲ್ಲುತ್ತಾರೆ.

ಮತದಾನ ಮುಗಿದಿದೆ. ಊರ ಗೋಡೆಗಳ ಪೋಸ್ಟರುಗಳು ಅಂಚಿನಿಂದ ಸುರುಳಿ ಸುತ್ತುತ್ತಿವೆ. ಅಮ್ಮ ಯಾರಿಗೆ ಓಟು ಹಾಕಿದರು ಎಂದು ಮಗಳಿಗೂ ಹೇಳಿಲ್ಲ. ಕೇಳಿದ್ದಕ್ಕೆ, "ಬಲ್ಲವರನ್ನ ಕೇಳು" ಎಂದರಂತೆ. ಅಕ್ಕ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು, ಸಂಜೆಯ ಕೊನೆಯ ಸುದ್ದಿಗೆ ಕಾಯುತ್ತ ಗೋಡೆಗೊರಗಿದ್ದಾರೆ. ಇಷ್ಟು ವರ್ಷದ ದುಡಿಮೆಗೆ ಏನು ಬೇಕು ಎಂದರೆ, ಕಣ್ಣು ಅದೇ ಪೆನ್ಸಿಲ್ ಚೌಕದ ಕಡೆ ಹೋಗುತ್ತದೆ.

"ಯಾರು ಗೆದ್ರು ಅಂತ ಊರಿಗೆಲ್ಲ ಪಟಾಕಿ ಸದ್ದು ಹೇಳುತ್ತೆ. ನಮ್ಮಮ್ಮನಿಗೆ ಹೊಗೆ ಮೇಲೆ ಬಂದ ಮೇಲೇ ಗೊತ್ತಾಗೋದು. ಈಗ ಆ ಹೊಗೆನೂ ಸರಿಯಾಗಿ ಕಾಣಲ್ಲ ಅವಳಿಗೆ. ಒಂದು ಸಲ, ಹೊಗೆಗಿಂತ ಮುಂಚೆ ನಾನು ಹೇಳ್ಬೇಕು. ಅಷ್ಟೇ."