ಆಯಿಯ ಮುಂದಿನ ಗೋಡೆ

ಡಿಪ್ಲೊಮಾ ಸಿವಿಲ್‌ನ ಕೊನೆಯ ವರ್ಷ ನಮ್ಮ ಕಾಲೇಜಿನವರು ಮೂವರನ್ನು ಒಂದು ಸರ್ವೆ ಕಂಪನಿಗೆ ಕೆಲಸ ಕಲಿಯಲು ಕಳಿಸಿದರು. ಒಬ್ಬ ಆಳಂದದವನು, ಒಬ್ಬ ಜೇವರ್ಗಿಯವನು, ಅಫಜಲಪುರದ ಮಾನ ಕಳೆಯಲು ನಾನು. ಅವರಿಬ್ಬರಿಗೆ ಅಳತೆ ಬರುತ್ತಿತ್ತು. ನನಗೆ ಬರುತ್ತಿದ್ದುದು ಮಂದಿಯ ಧ್ವನಿ ತೆಗೆಯುವುದೊಂದೇ. ಪ್ರಿನ್ಸಿಪಾಲರ ಕೆಮ್ಮು, ಕಂಪನಿಯ ಎಂಜಿನಿಯರ್ ಸಾಹೇಬರ ಗಂಟಲು, ಫೇಲಾದ ದಿನ ನಾನೇ ಅತ್ತ ಅಳು, ಎಲ್ಲ ಮಾಡಿ ತೋರಿಸುತ್ತಿದ್ದೆ.

ಚೌಡಾಪುರದ ಆಚೆ ರಸ್ತೆ ಅಳೆಯುವಾಗ ಒಬ್ಬ ಮುದುಕಿಯ ಪಡಸಾಲೆಯ ಗೋಡೆಗೆ ಕೆಂಪು ಗೆರೆ ಹೊಡೆದೆವು. ಅದು ನೆಲದ ಎತ್ತರ ತಿಳಿಯಲು ಹಾಕಿದ ಗುರುತು ಅಷ್ಟೇ. ಆ ಆಯಿ ಒಳಗಿನಿಂದಲೇ ಕೇಳಿದಳು, "ಏನ್ ಬರ್ಯಾಕತ್ತೀರಿ?"

ನಾನು ಸಾಹೇಬರ ಗಂಟಲು ತೆಗೆದೆ. "ರಸ್ತಾ ಅಗಲ ಮಾಡಾಕತ್ತೇವಿ ಆಯಿ. ಮುಂದಿನ ಗ್ವಾಡಿ ಹೋಗ್ತದ. ನಾಳಿ ಜೆಸಿಬಿ ಬರ್ತದ."

"ಹೌದ್ರಿ ಸಾಹೇಬ್ರ," ಎಂದಳು. ಮೂವರೂ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತ ಹೊರಟೆವು.

ಮರುದಿನ ಬೆಳಿಗ್ಗೆ ಹೋದರೆ ಗೋಡೆ ಇಲ್ಲ. ಮಾಡಿನ ತಗಡಿನ ಪತ್ರಾ ಇಳಿಸಿ ಒತ್ತಟ್ಟಿಗೆ ಇಟ್ಟಿದ್ದಾರೆ, ಬಾಗಿಲ ಚೌಕಟ್ಟು ಬೇವಿನ ಮರಕ್ಕೆ ಆನಿಸಿದೆ. ದೇವರ ಜಗುಲಿ, ಹಾಸಿಗೆ, ಕೊಡ, ಎಲ್ಲ ರಸ್ತೆಗೆ ಕಾಣುತ್ತಿವೆ. ಆಯಿ, ಅವಳ ಮಗ ಇಬ್ಬರೂ ಮೈತುಂಬ ಧೂಳು ಮಾಡಿಕೊಂಡು ಕೂತಿದ್ದರು.

"ಇದೇನ್ ಮಾಡೀರಿ ಆಯಿ?"

"ಮಷೀನ್ ಬಂದ್ರ ಕಲ್ಲು ಪುಡಿ ಮಾಡ್ತದಪ್ಪ. ಊರ ಅಗಸಿ ಬಾಗಲ ಕಡಿ ಮನಿಗೋಳದ್ದು ಹಂಗೇ ಆತು. ನಾವೇ ಕಿತ್ತಿಟ್ರ ಕಲ್ಲರ ಉಳೀತಾವ."

ನಾನು ಅಳತೆಯ ಟೇಪು ಕೆಳಗಿಟ್ಟೆ. "ನಿನ್ನೆ ಹೇಳಿದಾವ ನಾನು, ಆಯಿ. ಮಸ್ಕಿರಿ ಮಾಡಿದೆ. ಮನಿ ಏನೂ ಹೋಗಂಗಿಲ್ಲ."

"ಸುಮ್ ಇರೋ ತಮ್ಮಾ. ನಿನ್ನೆ ಬಂದಾವ್ರು ಸಾಹೇಬ್ರು. ನಿನಗೇನ್ ಗೊತ್ತು."

ಮಗ ಹಾರೆ ಹಿಡಿದು ಪಕ್ಕದ ಗೋಡೆಯನ್ನೂ ಕೀಳಲು ನಡೆದ. ಬೇರೆ ದಾರಿ ಇರಲಿಲ್ಲ. ನಿನ್ನೆಯ ಮಾತನ್ನೇ ಅದೇ ಗಂಟಲಿನಲ್ಲಿ ಮತ್ತೆ ಆಡಿದೆ.

ಅವನು ನಿಂತ. ಆಯಿ ಎದ್ದು ನನ್ನ ಹತ್ತಿರ ಬಂದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಏನ್ ಓದಾಕತ್ತಿ?"

"ಮನಿ, ರಸ್ತಾ ಕಟ್ಟೋದು. ಮೂರನೇ ವರ್ಷ."

"ಹಂಗಾರ ಕಟ್ಟು."

ಮೂವರೂ ಕೈ ಹಚ್ಚಿದೆವು. ಮಣ್ಣು ಕಲಸುವ ಹದ ಗೊತ್ತಿರಲಿಲ್ಲ, ಕಲ್ಲಿನ ಯಾವ ಮುಖ ಹೊರಗೆ ಬರಬೇಕೆಂಬುದೂ ತಿಳಿಯಲಿಲ್ಲ. ಮೊಳದೆತ್ತರ ಏರುವಷ್ಟರಲ್ಲಿ ಗೋಡೆ ನಡುವೆ ಉಬ್ಬಿ ಹೊಟ್ಟೆ ಬಿಟ್ಟಿತು. ಮಗ ಅದನ್ನು ಬಿಚ್ಚಿ, ಮೊದಲ ಕಲ್ಲಿನಿಂದ ಶುರು ಮಾಡಿದ. ಆಯಿ ಹಾಸಿಗೆಯನ್ನು ಹಿಂದಿನ ಕೋಣೆಗೆ ಎಳೆದುಕೊಂಡು ಹೋದಳು. ನಾನು ಮಣ್ಣಿನ ಬುಟ್ಟಿ ಹೊತ್ತು, ಅವನು ಕೈ ಚಾಚುವುದನ್ನೇ ಕಾಯುತ್ತ ನಿಂತೆ.