ಹೆಣ ಸೀನಿದ ಕಿರುಚಿತ್ರ

ನನ್ನ ಗೆಳೆಯ ಈಗ ದೊಡ್ಡ ನಿರ್ದೇಶಕ. ಟಿ.ವಿ.ಯಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತು, ಮೊದಲ ಕಿರುಚಿತ್ರಗಳಲ್ಲೇ ತನ್ನ ಶೈಲಿ ಇತ್ತು ಎನ್ನುತ್ತಾನೆ. ಇತ್ತು, ಇಲ್ಲವೆನ್ನಲಾರೆ. ಆದರೆ ಆ ಶೈಲಿಗೆ ಹೊತ್ತು ಹೊತ್ತಿಗೆ ರೊಟ್ಟಿ ಬಡಿದು ಹಾಕಿದವಳು ನಮ್ಮವ್ವ. ಎಡಿಟಿಂಗ್ ನಡೆದದ್ದು ನನ್ನ ಲ್ಯಾಪ್‌ಟಾಪಿನಲ್ಲಿ. ಹಗರಿಬೊಮ್ಮನಹಳ್ಳಿ ಕಾಲೇಜಿನಲ್ಲಿ ಒಂದೇ ಕ್ಲಾಸಿನವರು ನಾವು.

ಅವನ ಮೂರನೆಯ ಕಿರುಚಿತ್ರ ತೆಗೆದದ್ದು ತಂಬ್ರಹಳ್ಳಿಯ ನಮ್ಮ ಮನೆಯಲ್ಲಿ, ಮೊಬೈಲಿನಲ್ಲಿ. ಸಾವಿನ ಮನೆಯ ಕಥೆ. ನಮ್ಮ ಮಂದಿಯಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಗೋಡೆಗೆ ಆನಿಸಿ ಕೂರಿಸುತ್ತಾರೆ. ಹಾಗೆ ಕೂರಲು ಊರಲ್ಲಿ ಯಾರೂ ಒಪ್ಪಲಿಲ್ಲ, ನಮ್ಮಪ್ಪ ಒಪ್ಪಿದ. ಹೆಂಡತಿಯ ಪಾತ್ರಕ್ಕೆ ಅವ್ವನೇ. "ಮುತ್ತೈದಿ ಆಗಿ ಗಂಡನ ಹೆಣದ ಮುಂದ ಅಳ್ತೀಯೇನವ್ವಾ, ಬಿಡ್ತು ಅನ್ನು," ಎಂದು ಓಣಿಯ ಹೆಂಗಸರು ಮುಗಿಬಿದ್ದರು.

"ಖರೇ ಸಾವಿಗೆ ನಮ್ಮ ಮನಿ ಗೊತ್ತೈತಿ, ಸಿನಿಮಾ ನೋಡಿ ಬರಬೇಕಾಗಿಲ್ಲ. ಸರೀರಿ ಆ ಕಡಿ," ಎಂದಳು ಅವ್ವ.

ಅಪ್ಪನ ಹಣೆ, ಎದೆ, ತೋಳಿಗೆಲ್ಲ ವಿಭೂತಿ ಮೆತ್ತಿ, ಕೊರಳಿಗೆ ಚೆಂಡುಹೂವಿನ ಹಾರ ಹಾಕಿದೆವು. ಅವ್ವ ಅತ್ತದ್ದು ಎಷ್ಟು ಖರೆಯಾಗಿತ್ತೆಂದರೆ, ಸಿನಿಮಾದ ಸುದ್ದಿಯೇ ತಿಳಿಯದ ಓಣಿ ತುದಿಯ ಮುದುಕಿ ಎದೆ ಬಡಿದುಕೊಳ್ಳುತ್ತ ಬಂದು ಅಪ್ಪನ ಮೇಲೆ ಬಿದ್ದಳು. ಅವನ ಗುಣಗಳನ್ನೆಲ್ಲ ಹಾಡಿ ಹಾಡಿ ಅತ್ತಳು. ವಿಭೂತಿ ಎದ್ದು ಮೂಗಿಗೆ ಹೋಗಿ ಹೆಣ ಸೀನಿತು. ಮುದುಕಿ ಹೌಹಾರಿದಳು. ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಸತ್ತಿಲ್ಲ ಬೇ ದೊಡ್ಡವ್ವ, ಸಿನಿಮಾ ಇದು!" ನಿರ್ದೇಶಕ ತಲೆಯ ಮೇಲೆ ಕೈ ಹೊತ್ತು ಕೂತ. ಮತ್ತೊಮ್ಮೆ ತೆಗೆಯೋಣವೆಂದರೆ ಅಪ್ಪ ಇನ್ನೊಂದು ಸಲ ಸಾಯಲು ಒಲ್ಲೆನೆಂದ. ಕೊನೆಗೆ ಅದನ್ನೇ ಸೇರಿಸಿ ಚಿತ್ರ ಮುಗಿಸಿದೆವು.

ಅವ್ವ ಹೋಗಿ ಎರಡು ವರ್ಷವಾಯಿತು. ಹೆಣವಾಗಿ ಕೂತಿದ್ದ ಅಪ್ಪ ಇವತ್ತಿಗೂ ಗಟ್ಟಿಮುಟ್ಟಾಗಿ ಹೊಲಕ್ಕೆ ಹೋಗಿಬರುತ್ತಾನೆ. ಫೋಟೊ ಎಂದರೆ ಬಾಯಿ ಬಿಗಿದು ನಿಲ್ಲುತ್ತಿದ್ದ ಅವ್ವ ನಗುವುದು ಆ ಚಿತ್ರದಲ್ಲಿ ಮಾತ್ರ. ಅದರ ಪ್ರತಿ ಉಳಿದಿರುವುದು ನನ್ನೊಬ್ಬಳ ಬಳಿ.

ಹೋದ ತಿಂಗಳು ಗೆಳೆಯನ ಫೋನ್ ಬಂತು. ಅವನ ಕಿರುಚಿತ್ರಗಳನ್ನೆಲ್ಲ ಬೆಂಗಳೂರಿನಲ್ಲಿ ತೋರಿಸುತ್ತಾರಂತೆ, ಇದೊಂದನ್ನು ಬಿಟ್ಟು. "ಅದು ಹುಡುಗಾಟ. ಯಾರ ಕೈಗಾದ್ರೂ ಸಿಕ್ಕರೆ ನನ್ನ ಮರ್ಯಾದೆ ಹೋಗುತ್ತೆ. ಡಿಲೀಟ್ ಮಾಡಿಬಿಡು," ಎಂದ. ಮೈಯೆಲ್ಲ ಉರಿಯಿತು ನನಗೆ. ಉಂಡ ಮನೆಯ ಜಂತಿ ಎಣಿಸುವವನಿಗೆ ನಾನೇಕೆ ಹೆದರಲಿ?

"ಮಾಡಂಗಿಲ್ಲ. ನಾಳೆನ ಯೂಟ್ಯೂಬಿಗೆ ಹಾಕ್ತೀನಿ," ಎಂದೆ.

"ಅದು ನನ್ನ ಸಿನಿಮಾ. ಕೇಸ್ ಹಾಕಬೇಕಾಗುತ್ತೆ, ನೋಡು."

"ಲೇ, ಹಾಕು. ಕೋರ್ಟಿನಾಗ ಎಲ್ಲಾರ ಮುಂದ ಹಚ್ಚಿ ತೋರಿಸಬೇಕಾಗ್ತೈತಿ. ನಮ್ಮವ್ವ ಅಲ್ಲೂ ನಗ್ತಾಳ."